ಅಟ್ಟದ ಕ್ಯಾಸೆಟ್‌ನಿಂದ ಎಸ್‌ಡಿ ಕಾರ್ಡಿನವರೆಗೆ: ಬಿಡುಗಡೆಯಾಗದ ಹಳೆಯ ಗೇಮ್ ಉಳಿಸುವ ಸರಿಯಾದ ಕ್ರಮ

ಹಳೆಯ ಸ್ಪೆಕ್ಟ್ರಮ್ ಕಂಪ್ಯೂಟರಿನ (ಎಂಬತ್ತರ ದಶಕದಲ್ಲಿ ಮನೆಗಳಲ್ಲಿದ್ದ, ಕ್ಯಾಸೆಟ್ಟಿನಿಂದ ಪ್ರೋಗ್ರಾಮ್ ಓದುತ್ತಿದ್ದ ಪುಟ್ಟ ಯಂತ್ರ) ಕ್ಯಾಸೆಟ್ ಹಿಡಿದುಕೊಂಡು ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಮೂರು ಕೆಲಸ ಮುಗಿಸಿಯೇ ಬಂದಿರುತ್ತಾರೆ. ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಿ ಯಂತ್ರವನ್ನು ಆನ್ ಮಾಡಿರುತ್ತಾರೆ. ಮೂಲೆಯಲ್ಲಿದ್ದ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ಓಡುತ್ತಾ ಅಂತ ನೋಡಿರುತ್ತಾರೆ. ಎಸ್‌ಡಿ ಕಾರ್ಡ್ ಹಾಕುವ ಸಾಧನವನ್ನು ಆನ್‌ಲೈನಲ್ಲಿ ತರಿಸಿಟ್ಟಿರುತ್ತಾರೆ. ಮೂರೂ ಬೇಕಾದ ಕೆಲಸಗಳೇ. ಆದರೆ ಕ್ರಮ ಪೂರ್ತಿ ಉಲ್ಟಾ.

ಅಂಗಡಿಯಲ್ಲಿ ಮಾರಾಟವಾದ ಗೇಮ್ ಆದರೆ ತಪ್ಪಾದರೂ ನಡೆಯುತ್ತದೆ, ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದೆ. ಮನೆಯಲ್ಲಿ ಕೂತು ಬರೆದು ಯಾರಿಗೂ ಕೊಡದೆ ಬಿಟ್ಟ ಗೇಮ್‌ಗೆ ಆ ಒಂದು ಕ್ಯಾಸೆಟ್ಟೇ ಗತಿ. ಆದ್ದರಿಂದ ಮೊದಲು ಟೇಪಿನ ಸದ್ದನ್ನು ಲ್ಯಾಪ್‌ಟಾಪಿಗೆ ಇಳಿಸಬೇಕು. ಆಮೇಲೆ ಅದರಿಂದ ಫೈಲು ತೆಗೆದು, ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರದ ಹಾಗೆ ನಡೆದುಕೊಳ್ಳುವ ತಂತ್ರಾಂಶ) ಓಡಿಸಿ, ಪ್ರತಿ ಮಾಡಿಡಬೇಕು. ಹಳೆಯ ಯಂತ್ರ, ಎಸ್‌ಡಿ ಕಾರ್ಡು ಎಲ್ಲ ಕೊನೆಗೆ.

ಉದಾಹರಣೆಗೆ ನಮ್ಮ ಭಾವನ ಕ್ಯಾಸೆಟ್ಟನ್ನೇ ಇಟ್ಟುಕೊಳ್ಳುತ್ತೇನೆ. 1987ರಲ್ಲಿ ಬಸವನಗುಡಿಯ ಮನೆಯಲ್ಲಿ 48ಕೆ ಸ್ಪೆಕ್ಟ್ರಮ್ ಮೇಲೆ ಬರೆದ ಗೇಮ್ ಅದು. ಮೆಜೆಸ್ಟಿಕ್‌ನಿಂದ ಬಿಟಿಎಸ್ ಬಸ್ ಹೊರಡಿಸಿ, ಹಸು, ಸೈಕಲ್ ಎಲ್ಲ ತಪ್ಪಿಸಿಕೊಂಡು ಜಯನಗರ ಮುಟ್ಟಬೇಕು. ಆಡಿದ್ದು ಅವರೂ ಅವರ ತಮ್ಮನೂ ಇಬ್ಬರೇ.

ಬೇಕಾದ ಸಾಮಾನು

ಒಳ್ಳೆಯ ಸ್ಥಿತಿಯ ಕ್ಯಾಸೆಟ್ ಡೆಕ್ ಒಂದು ಬೇಕು. ಅದರಲ್ಲಿ ಲೈನ್ ಔಟ್ ಇರಲಿ, ಇಲ್ಲದಿದ್ದರೆ ಇಯರ್‌ಫೋನ್ ತೂತಾದರೂ ಇರಲಿ. ಹಳೆಯ ಸಾಮಾನಿನ ಅಂಗಡಿಯಲ್ಲೋ ಸಂಡೇ ಬಜಾರಿನಲ್ಲೋ ಹುಡುಕುವಾಗ ಜೊತೆಗೆ ಒಂದು ಹಾಡಿನ ಕ್ಯಾಸೆಟ್ ಒಯ್ಯಿರಿ. ಹಾಡು ಅಲುಗಾಡಿದಂತೆ, ಎಳೆದಂತೆ ಕೇಳಿದರೆ ಆ ಡೆಕ್ ಬೇಡ. ಯುಎಸ್‌ಬಿಗೆ ಚುಚ್ಚುವ ಅಗ್ಗದ 'ಕ್ಯಾಸೆಟ್ ಕನ್ವರ್ಟರ್' ಸಿಗುತ್ತದಲ್ಲ, ಅದನ್ನು ಮಾತ್ರ ಕೊಳ್ಳಬೇಡಿ. ಅದರ ಮೋಟಾರು ಒಂದೇ ವೇಗದಲ್ಲಿ ತಿರುಗುವುದಿಲ್ಲ.

ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಆಡಾಸಿಟಿ (ಸದ್ದು ರೆಕಾರ್ಡ್ ಮಾಡುವ ಉಚಿತ ತಂತ್ರಾಂಶ) ಹಾಕಿದ ಲ್ಯಾಪ್‌ಟಾಪ್, ಸಣ್ಣ ಸ್ಕ್ರೂಡ್ರೈವರ್‌ಗಳ ಸೆಟ್, ಮಲ್ಟಿಮೀಟರ್, ಇಯರ್‌ಬಡ್, 99% ಐಸೋಪ್ರೊಪೈಲ್ ಆಲ್ಕೋಹಾಲ್. ಈ ಕೊನೆಯದನ್ನು ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 'ಐಪಿಎ' ಅಂದರೆ ಕೊಡುತ್ತಾರೆ. ಸ್ಯಾನಿಟೈಸರ್ ಆಗುವುದಿಲ್ಲ, ಅದರಲ್ಲಿ ನೀರೂ ಅಂಟೂ ಇರುತ್ತದೆ.

ಇವಿಷ್ಟು ಸಿಗುವ ತನಕ ಕ್ಯಾಸೆಟ್ಟನ್ನು ಮುಟ್ಟದೆ ಇಡಿ. ಇಷ್ಟು ವರ್ಷ ಕಾದಿದೆ, ಇನ್ನೊಂದು ವಾರ ಕಾಯುತ್ತದೆ.

1. ಮುಟ್ಟುವ ಮುಂಚೆ ಫೋಟೋ, ಆಮೇಲೆ ಕಿವಿ ಮುರಿಯುವುದು

ಕ್ಯಾಸೆಟ್ಟಿನ ಎರಡೂ ಬದಿ, ಡಬ್ಬಿಯೊಳಗಿನ ಚೀಟಿ, ಚೀಟಿಯ ಹಿಂಭಾಗ ಎಲ್ಲದರ ಫೋಟೋ ತೆಗೆಯಿರಿ. ಪೆನ್ಸಿಲ್ಲಿನಲ್ಲಿ ಬರೆದ ಕೌಂಟರ್ ನಂಬರುಗಳು ಬಹಳ ಉಪಯೋಗಕ್ಕೆ ಬರುತ್ತವೆ. ಭಾವನ ಚೀಟಿಯಲ್ಲಿ '047 ಬಸ್ 3, 112 ಬಸ್ 4' ಅಂತ ಇತ್ತು. ಒಂದೇ ಗೇಮ್‌ನ ಎರಡು ಆವೃತ್ತಿ ಇದೆ ಅನ್ನುವುದು ಅಲ್ಲೇ ಗೊತ್ತಾಯಿತು.

ಜೊತೆಗೆ ನೋಟ್‌ಬುಕ್, ಗ್ರಾಫ್ ಹಾಳೆ ಏನಾದರೂ ಇದೆಯಾ ಕೇಳಿ. ಆಗ ಚಿತ್ರಗಳನ್ನು 8 ಅಡ್ಡ 8 ಚೌಕದಲ್ಲಿ ಬರೆದು, ಸಾಲು ಸಾಲಾಗಿ ನಂಬರು ಮಾಡಿ ಟೈಪ್ ಮಾಡುತ್ತಿದ್ದರು. ಟೇಪಿನಲ್ಲಿ ಒಂದು ಚಿತ್ರ ಹಾಳಾಗಿದ್ದರೆ ಆ ಹಾಳೆ ನೋಡಿ ಸರಿಮಾಡಬಹುದು.

ಈಗ ಕ್ಯಾಸೆಟ್ಟಿನ ಹಿಂಬದಿ ನೋಡಿ. ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳಿವೆ. ಅವನ್ನು ಸ್ಕ್ರೂಡ್ರೈವರ್ ತುದಿಯಿಂದ ಮುರಿದುಬಿಡಿ. ಹಾಗೆ ಮಾಡಿದರೆ ಡೆಕ್ಕಿನಲ್ಲಿ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ. 'ನಾನ್ಯಾಕೆ ರೆಕಾರ್ಡ್ ಒತ್ತಲಿ' ಅಂತ ಎಲ್ಲರೂ ಹೇಳುತ್ತಾರೆ. ಪ್ಲೇ ಪಕ್ಕದಲ್ಲೇ ಇರುವ ಬಟನ್ ಅದು.

2. ಕ್ಯಾಸೆಟ್ ಪರೀಕ್ಷೆ, ಡೆಕ್ ಸ್ವಚ್ಛತೆ

ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ನಮ್ಮೂರಿನ ಮಳೆಗಾಲದಲ್ಲಿ ಅಟ್ಟ, ಗೋಡೆ ಕಪಾಟು ಎರಡೂ ಇದಕ್ಕೆ ತವರುಮನೆ. ಬೂಷ್ಟು ಇದ್ದರೆ ಪ್ಲೇ ಮಾಡಬೇಡಿ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ವಾರ ಇಟ್ಟು ಒಣಗಿಸಿ. ಆಮೇಲೆ ಮಾಸ್ಕ್ ಹಾಕಿಕೊಂಡು ಮೆತ್ತಗಿನ ಬ್ರಷ್‌ನಿಂದ ಪುಡಿ ತೆಗೆಯಿರಿ. ಬಿಸಿಲಿಗೆ ಇಡುವುದು, ಓವನ್‌ನಲ್ಲಿ ಬಿಸಿ ಮಾಡುವುದು ಬೇಡ.

ಟೇಪ್ ಡೆಕ್ಕಿನ ಹೆಡ್ಡಿಗೆ (ಟೇಪನ್ನು ಓದುವ ಭಾಗ) ತಾಗುವ ಕಡೆ ಒಂದು ಸಣ್ಣ ಸ್ಪಂಜು ಇರಬೇಕು. ಹಳೆಯ ಕ್ಯಾಸೆಟ್ಟುಗಳಲ್ಲಿ ಅಂಟು ಒಣಗಿ ಅದು ಬಿದ್ದುಹೋಗಿರುತ್ತದೆ. ಸ್ಪಂಜಿಲ್ಲದೆ ಓಡಿಸಿದರೆ ಸದ್ದು ಮಂಕಾಗಿ ಬರುತ್ತದೆ, ಮಧ್ಯೆ ಮಧ್ಯೆ ಮಾಯವಾಗುತ್ತದೆ. ಆಗ ಸ್ಕ್ರೂ ಇರುವ ಬೇರೊಂದು ಖಾಲಿ ಕ್ಯಾಸೆಟ್ ತೆಗೆದುಕೊಂಡು ಎರಡೂ ಚಕ್ರಗಳನ್ನು ಟೇಪ್ ಸಮೇತ ಅದಕ್ಕೆ ದಾಟಿಸಿ. ಟೇಪ್ ತುಂಡಾಗಿದ್ದರೆ ಕ್ಯಾಸೆಟ್ಟಿಗೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪ್ ಬಳಸಿ. ಸೆಲ್ಲೋಟೇಪಿನ ಅಂಟು ಬಿಸಿಗೆ ಕರಗಿ ಪಕ್ಕದ ಸುತ್ತಿಗೂ ಹಿಡಿದುಕೊಳ್ಳುತ್ತದೆ.

ಡೆಕ್ಕಿನ ಹೆಡ್ಡನ್ನು ಐಪಿಎ ಅದ್ದಿದ ಇಯರ್‌ಬಡ್‌ನಿಂದ, ಬಡ್ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವ ತನಕ ಒರೆಸಿ. ಕಪ್ಪು ರಬ್ಬರಿನ ಉರುಳೆಗೆ ಮಾತ್ರ ಐಪಿಎ ಬೇಡ, ರಬ್ಬರು ಒಣಗಿ ಬಿರಿಯುತ್ತದೆ. ಅದಕ್ಕೆ ಸೋಪು ನೀರು ಸಾಕು.

ಇಷ್ಟಾದ ಮೇಲೂ ಮೊದಲು ಹಾಕಬೇಕಾದ್ದು ಹಾಡಿನ ಕ್ಯಾಸೆಟ್ಟು. ಒಂದು ಬದಿ ಪೂರ್ತಿ ಓಡಿಸಿ. ಅದನ್ನು ಡೆಕ್ ನುಂಗದಿದ್ದರೆ ಮಾತ್ರ ಮುಂದಿನ ಹೆಜ್ಜೆ.

3. ಸದ್ದು ಇಳಿಸುವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜನ ಜಾಸ್ತಿ ಸೋಲುವುದೂ ಇಲ್ಲೇ.

ಡೆಕ್ಕಿನ ಡಾಲ್ಬಿ (ಟೇಪಿನ ಹಿಸ್ ಸದ್ದು ಕಡಿಮೆ ಮಾಡುವ ಸ್ವಿಚ್) ಆಫ್ ಮಾಡಿ. ಬಾಸ್, ಟ್ರೆಬಲ್ ನಡುವಿಗೆ ಇಡಿ. ಲ್ಯಾಪ್‌ಟಾಪಿನಲ್ಲಿ ನಾಯ್ಸ್ ಸಪ್ರೆಷನ್, ಆಟೋ ಗೇನ್ ತರಹದ್ದೆಲ್ಲ ತೆಗೆಯಿರಿ. ಅವು ಮನುಷ್ಯರ ಮಾತಿಗೆ ಮಾಡಿದವು. ಸ್ಪೆಕ್ಟ್ರಮ್ ಟೇಪಿನ ಒಂದೇ ಸಮನೆ ಕೂಗುವ ಸದ್ದನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಬಿಡುತ್ತವೆ. ಮೊಬೈಲನ್ನು ಸ್ಪೀಕರ್ ಮುಂದೆ ಹಿಡಿದು ರೆಕಾರ್ಡ್ ಮಾಡಿದ ಫೈಲು ಯಾಕೆ ಓದುವುದಿಲ್ಲ ಅಂತ ಕೇಳುತ್ತಾರಲ್ಲ, ಮುಖ್ಯ ಕಾರಣ ಇದೇ.

ಆಡಾಸಿಟಿಯಲ್ಲಿ 44,100 ಹರ್ಟ್ಸ್, 16 ಬಿಟ್, ಸ್ಟೀರಿಯೋ ಇಡಿ. ಸದ್ದಿನ ಮಟ್ಟದ ತುತ್ತತುದಿ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಕೆಂಪು ಗೆರೆ ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಈ ಹೊಂದಾಣಿಕೆಯನ್ನೆಲ್ಲ ಅದೇ ಮನೆಯ ಬೇರೆ, ಅಷ್ಟು ಮುಖ್ಯವಲ್ಲದ ಡೇಟಾ ಕ್ಯಾಸೆಟ್ ಹಾಕಿ ಮಾಡಿಕೊಳ್ಳಿ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಅಜಿಮತ್ (ಟೇಪಿಗೆ ಹೆಡ್ ಕೂರುವ ಕೋನ) ಸರಿಮಾಡುವುದೂ ಆಗಲೇ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಸದ್ದು ಎಲ್ಲಿ ಅತಿ ಚೂಪಾಗಿ, ಕಿವಿ ಕೊರೆಯುವಂತೆ ಕೇಳುತ್ತದೋ ಅಲ್ಲಿ ನಿಲ್ಲಿಸಿ.

ಈಗ ಅಸಲಿ ಕ್ಯಾಸೆಟ್. ರೆಕಾರ್ಡ್ ಶುರುಮಾಡಿ, ಪ್ಲೇ ಒತ್ತಿ, ಒಂದು ಬದಿ ಪೂರ್ತಿ ಮುಗಿಯುವ ತನಕ ಕೈಕಟ್ಟಿ ಕೂತುಕೊಳ್ಳಿ. ಸಿ60 ಕ್ಯಾಸೆಟ್ ಆದರೆ 30 ನಿಮಿಷ, ಸುಮಾರು 318 ಎಂಬಿ ಫೈಲು. ಆಮೇಲೆ ಇನ್ನೊಂದು ಬದಿ. ಗೇಮ್ ಮುಗಿಯಿತು, ಮುಂದೆ ಖಾಲಿ ಅನ್ನಿಸಿದರೂ ನಿಲ್ಲಿಸಬೇಡಿ.

ಭಾವನ ಕ್ಯಾಸೆಟ್ಟಿನ ಬಿ ಬದಿಯಲ್ಲಿ ಹತ್ತು ನಿಮಿಷವಾದರೂ ಬರೀ ಸಿನಿಮಾ ಹಾಡು.

"ಲೋ, ಇದ್ರಲ್ಲಿ ಏನೂ ಇಲ್ಲ ಬಿಡೋ. ನಿಮ್ಮಕ್ಕ ರೇಡಿಯೋದಿಂದ ಹಾಡು ತುಂಬಿಸಿಬಿಟ್ಟಿದ್ದಾಳೆ," ಅಂದರು ಭಾವ.

"ಇರಲಿ ಭಾವ, ಕೊನೆತನಕ ಓಡ್ಲಿ."

ಹದಿನಾಲ್ಕನೇ ನಿಮಿಷಕ್ಕೆ ಹಾಡು ಅರ್ಧಕ್ಕೆ ಕಟ್ ಆಯಿತು. ಕೂಗುವ ಸದ್ದು ಶುರುವಾಯಿತು. ಚೀಟಿಯಲ್ಲಿ ಬರೆಯದೇ ಇದ್ದ, ಅವರೇ ಮರೆತಿದ್ದ ಬಸ್ 4ರ ಇನ್ನೊಂದು ಪ್ರತಿ. ಮುಂದೆ ನಮ್ಮನ್ನು ಕಾಪಾಡಿದ್ದು ಅದೇ.

ಎಚ್ಚರಿಕೆಯ ಲಕ್ಷಣಗಳು: ಕೀಚಲು ಸದ್ದು ಬಂದರೆ, ಚಕ್ರ ನಿಧಾನವಾದರೆ, ಸದ್ದು ಏಕಾಏಕಿ ಮಂಕಾದರೆ ತಕ್ಷಣ ನಿಲ್ಲಿಸಿ, ಕ್ಯಾಸೆಟ್ ತೆಗೆದು ಹೆಡ್ ನೋಡಿ. ಕಂದು ಪುಡಿ ಕೂತಿದ್ದರೆ ಒರೆಸಿ ಮುಂದುವರಿಸಿ. ಪ್ರತಿ ನಿಮಿಷಕ್ಕೊಮ್ಮೆ ಹೀಗಾಗುತ್ತಿದ್ದರೆ ಟೇಪ್ ಉದುರುತ್ತಿದೆ ಅಂತ ಅರ್ಥ. ಆಗ ಅಭ್ಯಾಸ ಇರುವವರ ಕೈಗೆ ಕೊಡಿ.

ಫೈಲನ್ನು ವೇವ್ ಆಗಿಯೇ ಉಳಿಸಿ, ಜಾಗ ಸಾಲದಿದ್ದರೆ ಏನೂ ಎಸೆಯದೆ ಚಿಕ್ಕದು ಮಾಡುವ ಫ್ಲ್ಯಾಕ್ ಆಗಿ. ಎಂಪಿ3 ಬೇಡ. ಯಾರಿಗಾದರೂ ಕಳಿಸುವಾಗ ವಾಟ್ಸ್ಆಪ್ ಆಡಿಯೋ ಆಗಿಯೂ ಕಳಿಸಬೇಡಿ. ಮನುಷ್ಯರ ಕಿವಿಗೆ ಬೇಡವಾದದ್ದನ್ನು ಎಸೆದು ಫೈಲು ಚಿಕ್ಕದು ಮಾಡುವುದು ಅವುಗಳ ಕೆಲಸ. ಕಂಪ್ಯೂಟರಿಗೆ ಬೇಕಾದ್ದು ಆ ಎಸೆದ ಭಾಗದಲ್ಲೇ ಇರುತ್ತದೆ.

4. ಸದ್ದಿನಿಂದ ಫೈಲು ತೆಗೆಯುವುದು

ವೇವ್ ಫೈಲನ್ನು ಎಮ್ಯುಲೇಟರ್ ಓದಬಲ್ಲ ಟ್ಯಾಪ್ ಅಥವಾ ಟಿಜೆಡ್‌ಎಕ್ಸ್ ಫೈಲಾಗಿ ಮಾಡಲು ಉಚಿತ ತಂತ್ರಾಂಶಗಳಿವೆ. ಫ್ಯೂಸ್ ಎಮ್ಯುಲೇಟರಿನ ಜೊತೆಗಾರ ಸಾಮಾನುಗಳಲ್ಲಿ 'ಆಡಿಯೋ2ಟೇಪ್' ಇದೆ. 'ಟಿಜೆಡ್‌ಎಕ್ಸ್‌ಟೂಲ್ಸ್' ಅನ್ನುವ ಗುಂಪಿನಲ್ಲಿ 'ಟಿಜೆಡ್‌ಎಕ್ಸ್‌ವೇವ್' ಇದೆ. ನಾನು ಎರಡನ್ನೂ ಓಡಿಸುತ್ತೇನೆ. ಒಂದಕ್ಕೆ ಸಿಗದ ತುಂಡು ಇನ್ನೊಂದಕ್ಕೆ ಸಿಗುವುದುಂಟು.

ಅದಕ್ಕೂ ಮುಂಚೆ ಒಂದು ಕೆಲಸ. ಸ್ಟೀರಿಯೋ ಫೈಲನ್ನು ಎಡ, ಬಲ ಅಂತ ಬೇರೆ ಬೇರೆ ಮಾಡಿ, ಎರಡನ್ನೂ ಬೇರೆಯಾಗಿಯೇ ಓದಿಸಿ. ಎರಡನ್ನೂ ಕೂಡಿಸಿ ಮೋನೋ ಮಾಡುವುದು ಮಾಮೂಲಿ ತಪ್ಪು. ಹೆಡ್ ಒಂಚೂರು ಓರೆಯಿದ್ದರೂ ಎಡಬಲದ ಅಲೆಗಳು ಹಿಂದೆಮುಂದೆ ಆಗಿರುತ್ತವೆ. ಕೂಡಿಸಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ.

ಏನನ್ನು ನೋಡುತ್ತಿದ್ದೀರಿ ಅಂತ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ. ಸ್ಪೆಕ್ಟ್ರಮ್ ಟೇಪಿನಲ್ಲಿ ಮೊದಲು ಸುಮಾರು 5 ಸೆಕೆಂಡು ಒಂದೇ ಸಮನೆ 'ಕೂ...' ಅನ್ನುವ ಸದ್ದು, 807 ಹರ್ಟ್ಸ್ ಹತ್ತಿರ. ಆಮೇಲೆ ಕ್ಷಣಮಾತ್ರ ಒಂದು 'ಚಿರ್ರ್'. ಅದು ಹೆಡರ್. ಮತ್ತೆ 2 ಸೆಕೆಂಡು 'ಕೂ', ಆಮೇಲೆ ಉದ್ದನೆಯ ಗರಗರ. ಅದೇ ಅಸಲಿ ಡೇಟಾ. ಹೆಡರಿನಲ್ಲಿ 17 ಬೈಟು ಮಾಹಿತಿ ಇರುತ್ತದೆ: ಯಾವ ಬಗೆಯ ಫೈಲು, 10 ಅಕ್ಷರದ ಹೆಸರು, ಉದ್ದ, ಇನ್ನೆರಡು ಸಂಖ್ಯೆ. ಸಿಕ್ಕ ತುಂಡುಗಳ ಪಟ್ಟಿ ಮಾಡಿ, ಚೀಟಿಯ ಜೊತೆ ತಾಳೆ ನೋಡಿ. 6912 ಬೈಟಿನ ತುಂಡು ಕಂಡರೆ ಅದು ಲೋಡಿಂಗ್ ಚಿತ್ರ. ಸ್ಪೆಕ್ಟ್ರಮ್ ಪರದೆಯ ಅಳತೆ ಕರಾರುವಾಕ್ಕಾಗಿ ಅಷ್ಟೇ.

5. ಓದದ ತುಂಡನ್ನು ಸರಿಮಾಡುವುದು

ಪ್ರತಿ ತುಂಡಿನ ಕೊನೆಗೆ ಒಂದು ಚೆಕ್‌ಸಮ್ ಬೈಟು (ಉಳಿದ ಬೈಟುಗಳು ಸರಿಯಾಗಿವೆಯಾ ಅಂತ ತಾಳೆ ನೋಡುವ ಸಂಖ್ಯೆ) ಇರುತ್ತದೆ. ಅದು ಹೊಂದಲಿಲ್ಲ ಅಂದರೆ ಒಳಗೆ ಎಲ್ಲೋ ಒಂದು ಬಿಟ್ಟಾದರೂ ತಪ್ಪಿದೆ. ಯಂತ್ರದಲ್ಲಾದರೆ 'ಆರ್ ಟೇಪ್ ಲೋಡಿಂಗ್ ಎರರ್' ಅಂತ ಬರುತ್ತಿತ್ತಲ್ಲ, ಅದೇ ಇದು.

ಟೇಪನ್ನು ಮತ್ತೆ ಓಡಿಸಲು ಓಡಬೇಡಿ. ಮೊದಲು ವೇವ್ ಫೈಲಿನ ಒಂದು ನಕಲು ಮಾಡಿ, ಆಡಾಸಿಟಿಯಲ್ಲಿ ಆ ಜಾಗವನ್ನು ಹಿಗ್ಗಿಸಿ ನೋಡಿ. ಭಾವನ ಬಸ್ 4ರಲ್ಲಿ ಅಲೆಗಳು ಒಂದೇ ಎತ್ತರಕ್ಕೆ ಬರುತ್ತಿದ್ದವು. ಒಂದು ಕಡೆ ಮಾತ್ರ ಯಾರೋ ಹಿಸುಕಿದ ಹಾಗೆ ಕಾಲು ಭಾಗಕ್ಕೆ ಇಳಿದು, ಕಾಲು ಸೆಕೆಂಡು ಹಾಗೇ ಇದ್ದು, ಮತ್ತೆ ಮೇಲೆದ್ದಿದ್ದವು. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಕಾಲು ಸೆಕೆಂಡು ಅಂದರೆ ಒಂದು ಬೆರಳಿನ ಅಗಲ. ಎಂದೋ ಟೇಪ್ ಹೊರಗೆ ಬಂದಾಗ ಬೆರಳಲ್ಲಿ ಹಿಡಿದು ಒಳಗೆ ತಳ್ಳಿರಬೇಕು. ಆ ಒಂದು ಬೆರಳಚ್ಚಿನ ಕೆಳಗೆ 40ಕ್ಕೂ ಜಾಸ್ತಿ ಬೈಟುಗಳು.

ಇಂಥ ಕಡೆ ಆ ಭಾಗವನ್ನಷ್ಟೇ ಆಯ್ಕೆ ಮಾಡಿ ಆಂಪ್ಲಿಫೈ ಮಾಡಿ, ಅಕ್ಕಪಕ್ಕದ ಎತ್ತರಕ್ಕೆ ತನ್ನಿ. ಮತ್ತೆ ಓದಿಸಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಇಡೀ ಫೈಲಿಗೆ ನಾಯ್ಸ್ ರಿಡಕ್ಷನ್ ಹಾಕುವುದು ಮಾತ್ರ ಬೇಡ, ಚೆನ್ನಾಗಿದ್ದ ಅಲೆಗಳೂ ಮೊಂಡಾಗುತ್ತವೆ.

ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಪ್ರತಿ ಹುಡುಕಿ. ಆಗಿನವರು ಟೇಪನ್ನು ನಂಬುತ್ತಿರಲಿಲ್ಲ, ಒಂದೇ ಪ್ರೋಗ್ರಾಮನ್ನು ಎರಡು ಸಲ ಸೇವ್ ಮಾಡುವುದು ರೂಢಿ. ಎರಡೂ ಪ್ರತಿ ಹಾಳಾಗಿದ್ದರೂ ಒಂದೇ ಜಾಗದಲ್ಲಿ ಹಾಳಾಗಿರುವುದು ಅಪರೂಪ. ಎರಡನ್ನೂ ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನೇ ತೋರಿಸುವ ತಂತ್ರಾಂಶ) ಪಕ್ಕಪಕ್ಕ ಇಟ್ಟು, ಬೇರೆಯಾಗಿರುವ ಬೈಟುಗಳನ್ನು ಮಾತ್ರ ನೋಡಿ. ಹಾಡಿನ ಹಿಂದೆ ಅಡಗಿದ್ದ ಪ್ರತಿಯಿಂದ ಬೆರಳಚ್ಚಿನ ಜಾಗದ ಬೈಟುಗಳನ್ನು ತಂದು ಕೂರಿಸಿದೆ, ಚೆಕ್‌ಸಮ್ ಹೊಂದಿತು. ಎರಡು ಪ್ರತಿ ಬೇರೆ ಬೇರೆ ಆವೃತ್ತಿ ಆಗಿದ್ದರೆ ಮಾತ್ರ ಹೀಗೆ ಬೆರೆಸಬೇಡಿ. ಉದ್ದ ಒಂದೇ ಇದೆಯಾ ಅಂತ ಮೊದಲು ನೋಡಿ.

ಚೆಕ್‌ಸಮ್ ಹೊಂದಿದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಅದು ಎಲ್ಲ ಬೈಟುಗಳ ಎಕ್ಸ್‌ಓಆರ್ (ಬಿಟ್ಟುಗಳನ್ನು ಹೋಲಿಸಿ ಮಾಡುವ ಒಂದು ಸರಳ ಲೆಕ್ಕ) ಅಷ್ಟೇ. ಒಂದೇ ಬಗೆಯ ಎರಡು ತಪ್ಪುಗಳು ಸೇರಿದರೆ ಒಂದನ್ನೊಂದು ಮುಚ್ಚಿಹಾಕುತ್ತವೆ. ಹಾಗಾಗಿ ಟೇಪ್ ಗಟ್ಟಿಯಾಗಿದ್ದರೆ ಇನ್ನೊಂದೇ ಒಂದು ಸಲ ಪೂರ್ತಿ ಇಳಿಸಿ, ಎರಡೂ ಸಲ ಬಂದ ಫೈಲುಗಳನ್ನು ಹೋಲಿಸಿ.

ಸರಿಮಾಡಿದ ಫೈಲಿಗೆ ಬೇರೆ ಹೆಸರು ಕೊಡಿ. ಏನು ಬದಲಿಸಿದಿರಿ ಅಂತ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಇದನ್ನು ಯಾರೂ ಮಾಡುವುದಿಲ್ಲ. ಆರು ತಿಂಗಳಾದ ಮೇಲೆ ಯಾವುದು ಅಸಲಿ ಅಂತ ಅವರಿಗೇ ಗೊತ್ತಿರುವುದಿಲ್ಲ.

6. ಎಮ್ಯುಲೇಟರಿನಲ್ಲಿ ಓಡಿಸಿ, ಬರೆದವರನ್ನು ಪಕ್ಕದಲ್ಲಿ ಕೂರಿಸಿ

ಫ್ಯೂಸ್ ಉಚಿತ, ಕೆಲಸ ಚೆನ್ನಾಗಿ ಮಾಡುತ್ತದೆ. ಟ್ಯಾಪ್ ಫೈಲು ತೆರೆದು ಲೋಡ್ ಮಾಡಿ. ಬಿಡುಗಡೆಗೆ ಸಿದ್ಧವಾಗದ ಗೇಮ್‌ಗಳು ಅರ್ಧಕ್ಕೆ ನಿಲ್ಲುವುದು ಸಹಜ. ನಿಂತಿದ್ದು ಟೇಪ್ ಹಾಳಾದ್ದಕ್ಕೋ, ಗೇಮ್ ಇದ್ದದ್ದೇ ಅಷ್ಟೋ ಅನ್ನುವುದನ್ನು ಬರೆದವರು ಮಾತ್ರ ಹೇಳಬಲ್ಲರು. ನಮ್ಮ ಬಸ್ಸು ಲಾಲ್‌ಬಾಗ್ ದಾಟಿದ ಕೂಡಲೇ ಪರದೆ ಖಾಲಿಯಾಗುತ್ತಿತ್ತು. ಎರಡು ದಿನ ನಾನು ಹಾಳಾದ ಬೈಟು ಹುಡುಕಿದೆ. ಭಾವ ಬಂದು ನೋಡಿ, "ಅಯ್ಯೋ, ಮುಂದಕ್ಕೆ ಬರೆದೇ ಇಲ್ವಲ್ಲೋ. ಆಗ ಪರೀಕ್ಷೆ ಬಂತು," ಅಂದರು.

ಬೇಸಿಕ್ ಭಾಷೆಯಲ್ಲಿ ಬರೆದಿದ್ದರೆ ಸಾಲುಗಳನ್ನು ಓದಿ. ಲೋಡ್ ಆದ ಕೂಡಲೇ ತಾನೇ ಓಡುವ ಪ್ರೋಗ್ರಾಮ್ ಆಗಿದ್ದರೆ ಲೋಡ್ ಬದಲು ಮರ್ಜ್ ಆಜ್ಞೆ ಕೊಡಿ, ಓಡದೆ ನಿಲ್ಲುತ್ತದೆ. ರೆಮ್ ಸಾಲುಗಳಲ್ಲಿ (ಬರೆದವರು ತಮಗಾಗಿ ಬಿಟ್ಟ ಟಿಪ್ಪಣಿ) ತಾರೀಖು, ಹೆಸರು, ಒಮ್ಮೊಮ್ಮೆ ಬೈಗುಳವೂ ಸಿಗುತ್ತದೆ. ಎಲ್ಲವನ್ನೂ ಹಾಗೇ ಇಡಿ.

ಅವರು ಆಡುವಾಗ ಪರದೆಯನ್ನೂ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳಿ. ಯಾವ ಕೀ ಯಾವುದಕ್ಕೆ ಅನ್ನುವುದು ಬೇರೆ ಎಲ್ಲೂ ಬರೆದಿರುವುದಿಲ್ಲ.

7. ಕ್ಯಾಸೆಟ್ ಅಲ್ಲ, ಫ್ಲಾಪಿ ಆಗಿದ್ದರೆ

ಶಾಲೆಗಳಿಗೆ ಬಂದ ಯುನಿಕಾರ್ನ್, ಅಂದರೆ ಬಿಬಿಸಿ ಮೈಕ್ರೋ ಕಂಪ್ಯೂಟರ್, ಅದರಲ್ಲಿ ಬರೆದದ್ದಾದರೆ 5.25 ಇಂಚಿನ ಫ್ಲಾಪಿ ಇರಬಹುದು. ಯುಎಸ್‌ಬಿ ಫ್ಲಾಪಿ ಡ್ರೈವ್ ಇದಕ್ಕೆ ಉಪಯೋಗವಿಲ್ಲ. ಅದು 3.5 ಇಂಚಿನ, ಪಿಸಿಯಲ್ಲಿ ಫಾರ್ಮ್ಯಾಟ್ ಮಾಡಿದ ಫ್ಲಾಪಿ ಮಾತ್ರ ಓದುತ್ತದೆ. 3.5 ಇಂಚಿನದೇ ಆದ ಬೇರೆ ಯಂತ್ರದ ಫ್ಲಾಪಿ ಹಾಕಿದರೆ 'ಫಾರ್ಮ್ಯಾಟ್ ಮಾಡಲೇ' ಅಂತ ವಿಂಡೋಸ್ ಕೇಳುತ್ತದೆ. ಹೂಂ ಅಂದಿರೋ, ಕತೆ ಮುಗಿಯಿತು.

ಬೇಕಾದ್ದು ಗ್ರೀಸ್‌ವೀಝಲ್ ಅನ್ನುವ ಪುಟ್ಟ ಬೋರ್ಡು, 34 ಪಿನ್ನಿನ ಕೇಬಲ್, ಹಳೆಯ ಪಿಸಿಯ 5.25 ಇಂಚಿನ ಡ್ರೈವ್. ಡ್ರೈವಿಗೆ 5 ವೋಲ್ಟ್ ಜೊತೆ 12 ವೋಲ್ಟ್ ಕೂಡ ಬೇಕು, ಹಳೆಯ ಪಿಸಿಯ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಸಾಕು. ಗ್ರೀಸ್‌ವೀಝಲ್ ಫೈಲುಗಳನ್ನು ಓದುವುದಿಲ್ಲ. ಫ್ಲಾಪಿಯ ಕಾಂತೀಯ ಏರಿಳಿತವನ್ನೇ ಹಾಗೆ ಹಾಗೇ ಇಳಿಸುತ್ತದೆ, ಟೇಪಿಗೆ ವೇವ್ ಫೈಲು ಇದ್ದ ಹಾಗೆ. ಪ್ರತಿ ಟ್ರ್ಯಾಕನ್ನೂ 3ರಿಂದ 5 ಸುತ್ತು ಓದಿಸಿ.

ಬರೆಯದಂತೆ ತಡೆಯುವುದರಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. 5.25 ಇಂಚಿನದರಲ್ಲಿ ಅಂಚಿನ ಕಚ್ಚನ್ನು ಸ್ಟಿಕ್ಕರಿನಿಂದ ಮುಚ್ಚಿದರೆ ರಕ್ಷಣೆ. 3.5 ಇಂಚಿನದರಲ್ಲಿ ಉಲ್ಟಾ, ಕಿಂಡಿ ತೆರೆದಿದ್ದರೆ ರಕ್ಷಣೆ.

ಹಾಕುವ ಮುಂಚೆ ಫ್ಲಾಪಿಯ ಕಿಂಡಿಯಲ್ಲಿ ಕಾಣುವ ಮೇಲ್ಮೈಯನ್ನು ಮೆಲ್ಲಗೆ ತಿರುಗಿಸಿ, ಟಾರ್ಚ್ ಬೆಳಕಿನಲ್ಲಿ ನೋಡಿ. ಮಸುಕು ಚುಕ್ಕೆ, ಉಂಗುರದ ಕಲೆ ಇದ್ದರೆ ಬೂಷ್ಟು. ಹಾಗೇ ಓದಿಸಿದರೆ ಹೆಡ್ಡು ಅದನ್ನು ಡೇಟಾ ಸಮೇತ ಕೆರೆದುಹಾಕುತ್ತದೆ. ಓದುವಾಗ ಪರಪರ ಸದ್ದು ಬಂದರೆ ಆ ಕ್ಷಣವೇ ನಿಲ್ಲಿಸಿ. ಪ್ರತಿ ಫ್ಲಾಪಿ ಆದ ಮೇಲೂ ಹೆಡ್ ಒರೆಸಿ. ಒಂದು ಫ್ಲಾಪಿಯ ಕೊಳೆ ಮುಂದಿನ ಹತ್ತನ್ನು ಗೀಚುತ್ತದೆ.

8. ಪ್ರತಿಗಳು

ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯಿಂದ ಹೊರಗೆ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲೋ ನೆಂಟರ ಮನೆಯಲ್ಲೋ ಒಂದು. ಪ್ರತಿ ಫೈಲಿಗೂ ಶಾ-256 ಹ್ಯಾಶ್ (ಫೈಲಿನ ಗುರುತಿನಂಥ ಸಂಖ್ಯೆ, ಫೈಲು ಬದಲಾದರೆ ಇದೂ ಬದಲಾಗುತ್ತದೆ) ತೆಗೆದು ಪಟ್ಟಿಯಲ್ಲಿಡಿ. ಮುಂದೆ ಫೈಲು ಕೆಟ್ಟಿದೆಯಾ ಅಂತ ನೋಡಲು ಅದೇ ದಾರಿ. ಎಸ್‌ಡಿ ಕಾರ್ಡನ್ನು ಇದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದು ಆಡುವುದಕ್ಕೆ, ಉಳಿಸುವುದಕ್ಕಲ್ಲ.

9. ಹಳೆಯ ಯಂತ್ರಕ್ಕೆ ಕರೆಂಟು

ಸ್ಪೆಕ್ಟ್ರಮ್‌ಗೆ ಬೇಕಾದ್ದು 9 ವೋಲ್ಟ್ ಡಿಸಿ, 1.4 ಆಂಪ್. ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್. ಈಗ ಮನೆಯಲ್ಲಿರುವ ರೂಟರ್ ಅಡಾಪ್ಟರುಗಳು ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಪಿನ್ ಮಾತ್ರ ಚೆನ್ನಾಗಿ ಕೂರುತ್ತದೆ. ನಾನೂ ಹೀಗೇ ಒಂದು ಯಂತ್ರ ಸುಟ್ಟಿದ್ದೇನೆ. ಸದ್ದಿಲ್ಲ, ಹೊಗೆಯಿಲ್ಲ, ಅಷ್ಟರಲ್ಲೇ ಹೋಗಿತ್ತು. ಚುಚ್ಚುವ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಿ. ಹಳೆಯ ಅಸಲಿ ಅಡಾಪ್ಟರ್ ಏನೂ ಜೋಡಿಸದಿದ್ದಾಗ 9ಕ್ಕಿಂತ ಜಾಸ್ತಿ ವೋಲ್ಟ್ ತೋರಿಸುತ್ತದೆ, ಅದಕ್ಕೆ ಹೆದರಬೇಡಿ.

ಆನ್ ಮಾಡಿದ ಮೇಲೆ ಒಳಗಿನ 5, 12 ಮತ್ತು ಮೈನಸ್ 5 ವೋಲ್ಟ್ ಮೂರೂ ಇವೆಯಾ ನೋಡಿ. 48ಕೆ ಯಂತ್ರದ ಕೆಳಗಿನ 16ಕೆ ಮೆಮೊರಿ ಚಿಪ್‌ಗಳಿಗೆ ಮೂರೂ ಬೇಕು. ಮೈನಸ್ 5 ತಪ್ಪಿದರೆ ಚಿಪ್ ಬಿಸಿಯಾಗಿ ಸಾಯುತ್ತದೆ. ಬೆರಳಿಟ್ಟಾಗ ಚುರ್ರೆಂದರೆ ಆಫ್ ಮಾಡಿ. ಕೀಬೋರ್ಡಿನಿಂದ ಬರುವ ಪ್ಲಾಸ್ಟಿಕ್ ಪಟ್ಟಿ ಹಪ್ಪಳದ ಹಾಗಿರುತ್ತದೆ, ಮಡಚಬೇಡಿ.

ಬಿಬಿಸಿ ಯಂತ್ರ ಆದರೆ ಅದರ ಪವರ್ ಸಪ್ಲೈ ಒಳಗಿನ ಹಳದಿ ಪಾರದರ್ಶಕ ಕೆಪಾಸಿಟರುಗಳನ್ನು ಬದಲಿಸದೆ ಆನ್ ಮಾಡಲೇಬೇಡಿ. ಅವು ಬಿರುಕುಬಿಟ್ಟು ತೇವ ಹೀರಿರುತ್ತವೆ. ಸ್ವಲ್ಪ ಹೊತ್ತಿಗೆ ಢಬ್ ಅಂದು ಮನೆತುಂಬ ಕಮಟು ಹೊಗೆ. ಅಲ್ಲಿ 230 ವೋಲ್ಟ್ ಇರುತ್ತದೆ, ಗೊತ್ತಿಲ್ಲದವರು ಬಿಚ್ಚಬೇಡಿ. ಕಮಡೋರ್ 64 (ಅದೇ ಕಾಲದ ಇನ್ನೊಂದು ಮನೆ ಕಂಪ್ಯೂಟರ್) ಇದ್ದರೆ ಅದರ ಹಳೆಯ ಇಟ್ಟಿಗೆಯಂಥ ಅಡಾಪ್ಟರನ್ನು ಪಕ್ಕಕ್ಕಿಟ್ಟು ಹೊಸದು ಬಳಸಿ. ಅದು ಕೆಟ್ಟಾಗ 5 ವೋಲ್ಟ್‌ಗಿಂತ ಜಾಸ್ತಿ ಬಿಟ್ಟು ಚಿಪ್‌ಗಳನ್ನು ತೆಗೆಯುತ್ತದೆ.

10. ಎಸ್‌ಡಿ ಕಾರ್ಡ್ ಜೋಡಿಸುವುದು

ಸ್ಪೆಕ್ಟ್ರಮ್‌ಗೆ ಬೇಕಾದ ಎಸ್‌ಡಿ ಕಾರ್ಡ್ ಸಾಧನ ಡಿವ್‌ಎಂಎಂಸಿ. ಇದು ಯಂತ್ರದ ಹಿಂಬದಿಯ ಎಡ್ಜ್ ಕನೆಕ್ಟರಿಗೆ ಕೂರುತ್ತದೆ. ಕರೆಂಟು ಇರುವಾಗ ಹಾಕುವುದು, ತೆಗೆಯುವುದು, ಅಲ್ಲಾಡಿಸುವುದು ಮೂರೂ ನಿಷಿದ್ಧ. ಸ್ಪೆಕ್ಟ್ರಮ್‌ಗೆ ಸ್ವಿಚ್ ಇಲ್ಲ, ಪಿನ್ ಕಿತ್ತು ಪಕ್ಕಕ್ಕಿಡಿ. ಮೊದಲು ಐಪಿಎಯಿಂದ ಹಿಂಬದಿಯ ತಾಮ್ರದ ಪಟ್ಟಿಗಳನ್ನು ಒರೆಸಿ. ಪರದೆಯಲ್ಲಿ ಬರೀ ಚೌಕ ಚೌಕ ಬಂದು ನಿಂತರೆ ಎಷ್ಟೋ ಸಲ ಕಾರಣ ಅಲ್ಲಿನ ಕೊಳೆಯೇ.

ಕಾರ್ಡು ದೊಡ್ಡದು ಬೇಡ. 4 ಜಿಬಿ ಕಾರ್ಡಿನಲ್ಲಿ 48ಕೆ ಗೇಮ್‌ಗಳು 80 ಸಾವಿರಕ್ಕೂ ಜಾಸ್ತಿ ಹಿಡಿಯುತ್ತವೆ. ಆಯಸ್ಸು ಪೂರ್ತಿ ಆಡಿದರೂ ಮುಗಿಯಲ್ಲ, ಅಲ್ವಾ? ಕೊಂಡ ಕಾರ್ಡು ನಕಲಿಯೋ ಅಂತ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನುವ ತಂತ್ರಾಂಶ ಓಡಿಸಿ ನೋಡಿ. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಕ್ಸ್‌ಫ್ಯಾಟ್ ಓದುವುದಿಲ್ಲ. ಎಸೆಕ್ಸ್‌ಡಾಸ್ (ಡಿವ್‌ಎಂಎಂಸಿಯನ್ನು ನಡೆಸುವ ತಂತ್ರಾಂಶ) ಜೊತೆ ಬರುವ ಬಿನ್, ಸಿಸ್, ಟಿಎಂಪಿ ಫೋಲ್ಡರುಗಳನ್ನು ಕಾರ್ಡಿನ ಮೊದಲ ಹಂತದಲ್ಲೇ ಇಡಿ, ಬೇರೆ ಫೋಲ್ಡರಿನ ಒಳಗಲ್ಲ.

ಇಷ್ಟಾದ ಮೇಲೂ ಶುರುವಾಗದಿದ್ದರೆ ಮೊದಲು ಅನುಮಾನಿಸಬೇಕಾದ್ದು ಆವೃತ್ತಿ. ಸಾಧನದ ಒಳಗಿರುವ ಎಸೆಕ್ಸ್‌ಡಾಸ್ ಮತ್ತು ಕಾರ್ಡಿನ ಫೋಲ್ಡರುಗಳು ಒಂದೇ ಆವೃತ್ತಿ ಆಗಿರಬೇಕು. ಸುಮ್ನೆ ಹೊಸದನ್ನು ಡೌನ್‌ಲೋಡ್ ಮಾಡಿ ಹಾಕಿದರೆ ನಡೆಯುವುದಿಲ್ಲ. ಸರಿಯಾಗಿದ್ದರೆ ಎನ್‌ಎಂಐ ಬಟನ್ (ಸಾಧನದ ಮೇಲಿರುವುದು) ಒತ್ತಿದಾಗ ಫೈಲುಗಳ ಪಟ್ಟಿ ಬರುತ್ತದೆ. ನಿಮ್ಮ ಟ್ಯಾಪ್ ಫೈಲು ಆರಿಸಿ, ಎಂಟರ್ ಒತ್ತಿ.

ದುಡ್ಡು ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಟ್ಯಾಪ್ ಫೈಲನ್ನು ಮತ್ತೆ ವೇವ್ ಮಾಡಿ, ಮೊಬೈಲಿನಿಂದ ಯಂತ್ರದ ಇಯರ್ ತೂತಿಗೆ ವೈರ್ ಎಳೆದು ನುಡಿಸಿ. ವಾಲ್ಯೂಮ್ ಪೂರ್ತಿ. ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟಿ ಬಂದು, ಆಮೇಲೆ ನೀಲಿ-ಹಳದಿ ಗೆರೆಗಳು ಓಡಿದರೆ ಓದುತ್ತಿದೆ ಅಂತ ಅರ್ಥ. ಏರೋಪ್ಲೇನ್ ಮೋಡ್ ಮರೆಯಬೇಡಿ. ನಾಲ್ಕು ನಿಮಿಷ ಲೋಡ್ ಆಗಿ, ಕೊನೆಗೆ ಒಂದು 'ಟಿಂಗ್' ಮೆಸೇಜಿಗೆ ಎಲ್ಲ ಹೋದದ್ದು ನಮ್ಮ ಮನೆಯಲ್ಲೇ ಆಗಿದೆ.

ಬಿಬಿಸಿಗೆ ಗೋಟೆಕ್, ಅಂದರೆ ಫ್ಲಾಪಿ ಡ್ರೈವಿನ ಜಾಗದಲ್ಲಿ ಪೆನ್‌ಡ್ರೈವ್ ಓದುವ ಸಾಧನ. ಕಾರ್ಖಾನೆಯಿಂದ ಬಂದ ಹಾಗೇ ಅದು ಉಪಯೋಗಕ್ಕಿಲ್ಲ, ಫ್ಲಾಶ್‌ಫ್ಲಾಪಿ ಫರ್ಮ್‌ವೇರ್ ಹಾಕಬೇಕು. ಪೆನ್‌ಡ್ರೈವ್ ಫ್ಯಾಟ್32, ಜಂಪರ್ ಎಸ್0. ಆನ್ ಮಾಡಿದಾಗಿನಿಂದ ದೀಪ ಆರದೇ ಉರಿಯುತ್ತಿದ್ದರೆ ರಿಬ್ಬನ್ ಕೇಬಲ್ ಉಲ್ಟಾ ಹಾಕಿದ್ದೀರಿ. ಕಮಡೋರ್‌ಗೆ ಎಸ್‌ಡಿ2ಐಇಸಿ ಅನ್ನುವ ಕಾರ್ಡ್ ಸಾಧನ ಅಗ್ಗ. ಬಹಳಷ್ಟು ಮನೆ ಪ್ರೋಗ್ರಾಮ್‌ಗಳಿಗೆ ಅಷ್ಟು ಸಾಕು.

11. ಬೇರೆಯವರಿಗೆ ಕೊಡುವ ಮುಂಚೆ

ಬಿಡುಗಡೆಯಾಗದ ಗೇಮ್ ಅಂದರೆ ಯಾರದ್ದೂ ಅಲ್ಲ ಅಂತ ಅರ್ಥವಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಲೆಕ್ಕವೇ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ನಿಮ್ಮ ಬಳಿ ನ್ಯಾಯವಾಗಿ ಇರುವ ಪ್ರತಿ ಹಾಳಾಗದಂತೆ ಬ್ಯಾಕಪ್ ತೆಗೆಯುವುದು ಬೇರೆ, ಇಂಟರ್ನೆಟ್ ಆರ್ಕೈವ್‌ಗೆ ಏರಿಸುವುದು ಬೇರೆ. ಎರಡನೆಯದಕ್ಕೆ ಬರೆದವರನ್ನು ಕೇಳಿ, ಇಲ್ಲವಾದರೆ ಅವರ ಮನೆಯವರನ್ನು. ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಒಂದು ಮೆಸೇಜ್ ಆದರೂ ಸರಿ. ಏರಿಸುವಾಗ ಟ್ಯಾಪ್ ಫೈಲು ಮಾತ್ರ ಕೊಡಬೇಡಿ. ಮೂಲ ವೇವ್, ಚೀಟಿಯ ಫೋಟೋ, ನೀವು ಬದಲಿಸಿದ ಬೈಟುಗಳ ಟಿಪ್ಪಣಿ ಎಲ್ಲ ಜೊತೆಗಿರಲಿ.

ಭಾವ ಇನ್ನೂ ಒಪ್ಪಿಲ್ಲ. ಲಾಲ್‌ಬಾಗಿನಿಂದ ಜಯನಗರದವರೆಗಿನ ದಾರಿ ಬರೆದು ಮುಗಿಸಿ ಕೊಡ್ತೀನಿ ಅಂತಿದ್ದಾರೆ.